ಅಪ್ಪ ನೋಡಿರದ ಲಿಫ್ಟ್

ಮನೆ, ಊಟದ ಮೇಜು
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮಕ್ಕಳ ಇಂಜೆಕ್ಷನ್ ಕೋಣೆಯಲ್ಲಿ ದಿನವಿಡೀ ನಿಂತೇ ಇರುವ ನರ್ಸಮ್ಮನಿಗೆ ಕೂತು ಕೆಲಸ ಮಾಡು ಎಂದು ಬರೆದರೆ ನಗುತ್ತೀಯ, ಗೊತ್ತು. ಭಾವನ ಕೆಮ್ಮು ಈಗಲಾದರೂ ಬಿಟ್ಟಿರಬೇಕು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಇವಳು ತರಬೇತಿ ಮುಗಿಸಿ ಬಂದವಳೇ ನೀನು ಮಡಚಿಟ್ಟು ಹೋದ ಬಟ್ಟೆಗಳನ್ನು ನೋಡಿ, "ಅತ್ತಿಗೆ ಇನ್ನೊಂದು ತಿಂಗಳು ಇರಬಾರದಿತ್ತಾ" ಅಂದಳು. ಇರಲು ಬಿಟ್ಟರೆ ತಾನೇ! ನೀನು ಎರಡು ದಿನ ಮೊದಲೇ ಹೊರಟದ್ದು ಯಾಕೆಂದು ನಾನು ಇವಳಿಗೆ ನಿನ್ನೆಯಷ್ಟೇ ಬಾಯಿಬಿಟ್ಟೆ. ಚೆನ್ನಾಗಿ ಬೈಸಿಕೊಂಡೆ.

ಅವತ್ತು ಬಸ್ ನಿಲ್ದಾಣಕ್ಕೂ ಬರದೆ ಪೇಪರ್ ಹಿಡಿದು ಕೂತಿದ್ದೆನಲ್ಲ, ಅದರ ಒಂದಕ್ಷರವೂ ತಲೆಗೆ ಹೋಗಲಿಲ್ಲ. "ನಿನ್ನ ಹೆದರಿಕೆನೆಲ್ಲ ಮಗು ತಲೆಗೆ ಕಟ್ತಿದ್ದೀಯ ಕಣೋ" ಎಂದಿದ್ದೆ ನೀನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಹಾರಾಡಿಬಿಟ್ಟೆ. ಲಿಫ್ಟ್ ತಪಾಸಣೆ ಮಾಡಿ ಹೊಟ್ಟೆ ಹೊರೆಯುವವನು ನಾನು. ಉಕ್ಕಿನ ಹಗ್ಗ ಎಲ್ಲಿ ಸವೆದಿದೆ, ಬ್ರೇಕ್ ಯಾವಾಗ ಕೈಕೊಡುತ್ತದೆ ಎಂದು ಕೆಟ್ಟದ್ದನ್ನೇ ಹುಡುಕುವುದಕ್ಕೆ ನನಗೆ ಸಂಬಳ. ಸಂಜೆ ಮನೆಗೆ ಬಂದ ಮೇಲೂ ಅದೇ ಕಣ್ಣು. ಕಚೇರಿಯ ತಪಾಸಣೆ ಪಟ್ಟಿಯಂಥದ್ದೇ ಒಂದನ್ನು ನಮ್ಮ ಗುಬ್ಬಿಗೂ ಬರೆದು ಬಾಗಿಲಿಗೆ ಅಂಟಿಸಿದ್ದೆ: ಗ್ಯಾಸ್, ಕಿಟಕಿ, ಒದ್ದೆ ನೆಲ, ಕತ್ತರಿ, ಗೊತ್ತಿಲ್ಲದವರು. ಎಂಟು ವರ್ಷದ ಮಗಳು ದಿನಾ ಟಿಕ್ ಹಾಕಿ ಕೆಳಗೆ ಸಹಿ ಮಾಡುವುದನ್ನು ನೋಡಿ ನನಗೆ ಎಲ್ಲಿಲ್ಲದ ಹೆಮ್ಮೆ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಶುರುವಾದಾಗ, "ಏನೂ ಇಲ್ಲ, ಸುಮ್ನೆ ಹೋಗು" ಅಂದೆ. ಗೆಳತಿಯ ಹುಟ್ಟುಹಬ್ಬಕ್ಕೆ ಐದನೇ ಮಹಡಿಗೆ ಹೋಗಬೇಕಾಗಿ ಬಂದ ದಿನ, "ಈ ಲಿಫ್ಟ್ ಅಪ್ಪ ನೋಡಿದ್ದಾರಾ?" ಎಂದು ಕೇಳಿದಳಂತೆ. ಇಲ್ಲ ಅಂದದ್ದಕ್ಕೆ ಉಡುಗೊರೆ ಹಿಡಿದುಕೊಂಡೇ ಅಳುತ್ತ ವಾಪಸು ಬಂದಳು. ಅದನ್ನು ಕಚೇರಿಯಲ್ಲಿ ತಮಾಷೆ ಮಾಡಿ ಹೇಳಿ ಎಲ್ಲರನ್ನೂ ನಗಿಸಿದ್ದೆ ಅಕ್ಕಾ. ನೆನೆದರೆ ನಾಚಿಕೆಯಾಗುತ್ತದೆ.

ನೀನು ಬಂದು ಮಾಡಿದ್ದಾದರೂ ಏನು? ನೆಲದ ಮೇಲೆ ಅವಳ ಪಕ್ಕ ಕೂತು, ಹೊಟ್ಟೆಯಲ್ಲಿ ಏನಾಗ್ತಿದೆ ಹೇಳು ಎಂದು ಕೇಳಿ ಸುಮ್ಮನಾದೆ. ಶಾಲೆಯ ಬಸ್ಸು ಬರುವ ಹೊತ್ತು, ನಾನು ಅಡುಗೆಮನೆಯಲ್ಲಿ ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವಳು, "ಲಿಫ್ಟ್ ಮಧ್ಯದಲ್ಲಿ ನಿಂತುಬಿಟ್ರೆ?" ಅಂದಳು. ನಿಲ್ಲಲ್ಲ ಬಿಡು ಅನ್ನುತ್ತೀಯ ಎಂದುಕೊಂಡರೆ, "ನಿಂತ್ರೂ ನಿಲ್ಲಬಹುದು. ಆಗ ಏನ್ಮಾಡ್ತೀಯ?" ಅಂದೆ! ಸೂಜಿ ಚುಚ್ಚಿಸಿಕೊಳ್ಳುವ ಮಕ್ಕಳಿಗೂ ನೋವಾಗಲ್ಲ ಎಂದು ಸುಳ್ಳು ಹೇಳುವವಳಲ್ಲ ನೀನು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಜಗಳ ಹತ್ತಿಕೊಂಡದ್ದು ಆಮೇಲೆಯೇ. ಆ ಗಲಾಟೆಯಲ್ಲಿ ಅವಳು ಕೊಟ್ಟ ಉತ್ತರ ನನಗೆ ಕೇಳಿಸಲೇ ಇಲ್ಲ. ಬೆಲ್ ಒತ್ತಿ ಕಾಯ್ತೀನಿ ಅಂದಿದ್ದಳಂತೆ, ಅಷ್ಟೇ. ಇವಳೇ ಮಗಳಿಂದ ಕೇಳಿ ತಿಳಿದು ಹೇಳಿದಳು.

ನೀನು ಹೊರಟುಹೋದ ವಾರವೇ ನಾನು ಆ ಪಟ್ಟಿ ಕಿತ್ತೆ. ಬಾಗಿಲಿನ ಬಣ್ಣವೂ ಸ್ವಲ್ಪ ಕಿತ್ತುಬಂತು. "ಇನ್ಮೇಲೆ ಯಾರು ನೋಡ್ಕೋತಾರೆ?" ಎಂದು ಗುಬ್ಬಿ ಕೇಳಿದಳು. ಏನೂ ಆಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಪಕ್ಕದಲ್ಲಿ ಕೂತು, ಯಾಕಮ್ಮಾ ಹಾಗೆ ಕೇಳ್ದೆ ಎಂದೆ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿದಿರಲಿಲ್ಲ. ಆದರೆ ಅವಳು ಅರ್ಧ ಗಂಟೆ ಮಾತಾಡಿದಳು. ಮೊನ್ನೆ ಅದೇ ಗೆಳತಿಯ ಮನೆಗೆ ಲಿಫ್ಟಿನಲ್ಲೇ ಹೋದಳು. ಕೆಳಗೆ ನಿಂತ ನಾನು ಲಿಫ್ಟಿನ ಪಕ್ಕ ಅಂಟಿಸಿದ್ದ ತಪಾಸಣೆಯ ಚೀಟಿಯನ್ನು ಓದಲಿಲ್ಲ. ಸರಿ, ಒಂದು ಸಲ ಓರೆಗಣ್ಣಿನಲ್ಲಿ ಓದಿದೆ. ಸೋಮವಾರ ಬೆಳಗಿನ ಹೊಟ್ಟೆನೋವು ಮಾತ್ರ ಇನ್ನೂ ಇದೆ, ಪೂರ್ತಿ ಹೋಗಿಲ್ಲ.

ಹೆದರಿಕೆ ಎಂದರೆ ನಮ್ಮಪ್ಪ, "ಗಂಡು ಹುಡುಗ, ನಾಚಿಕೆ ಆಗಲ್ವಾ" ಎಂದು ಗದರುತ್ತಿದ್ದರು. ಅವರ ಹಾಗೆ ಆಗಬಾರದೆಂದು ನಾನು ಒಂದು ದಿನವೂ ಗದರಲಿಲ್ಲ. ಅಷ್ಟಾದರೂ ನನ್ನ ಮಗಳು ಬಾಯಿ ಮುಚ್ಚಿಕೊಂಡೇ ಇದ್ದಳಲ್ಲ. ಅವಳ ಬಾಯಿ ಬಿಡಿಸಿದವಳು ನೀನು. ಈ ಋಣ ದೊಡ್ಡದು ಅಕ್ಕಾ. ಅವತ್ತು ಆಡಿದ ಮಾತಿಗೆ ಕ್ಷಮಿಸು.

ಭಾವನಿಗೆ ನಮಸ್ಕಾರ ಹೇಳು. ಗುಬ್ಬಿ ತನ್ನ ಹಲ್ಲು ಬಿದ್ದ ಸುದ್ದಿಯನ್ನು ಮುಖ್ಯವಾಗಿ ಬರೆಯಬೇಕೆಂದು ಹಟ ಹಿಡಿದಿದ್ದಾಳೆ. ಬಿದ್ದಿದೆ, ಮೇಲಿನದು.

ನಿನ್ನ ಸಿಡುಕ ತಮ್ಮ,
ಇನ್ಸ್‌ಪೆಕ್ಟರಪ್ಪ

ಮರೆತಿದ್ದೆ: ಏಪ್ರಿಲ್ 16ರಿಂದ ಮೂರು ದಿನ ಶಾಲೆಯ ಪ್ರವಾಸ. ಗುಬ್ಬಿ ತಾನಾಗಿಯೇ ಹೆಸರು ಕೊಟ್ಟು ಬಂದಿದ್ದಾಳೆ. ಒಪ್ಪಿಗೆ ಪತ್ರಕ್ಕೆ ನಗುತ್ತಲೇ ಸಹಿ ಹಾಕಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಿದ್ದೆ. ಮರೆತಿದ್ದೆ ಎಂದದ್ದು ಸುಳ್ಳು, ಮೊದಲ ಸಾಲಿನಿಂದಲೂ ಇದನ್ನೇ ಬರೆಯಬೇಕೆಂದಿದ್ದೆ. ಅಕ್ಕಾ, ನಂಗೆ ಹೆದರಿಕೆ. ಚಿಕ್ಕವನಿದ್ದಾಗಿನಿಂದಲೂ. ಯಾರಿಗೂ ಹೇಳಿಲ್ಲ, ಇವಳಿಗೂ. ಆ ಮೂರು ದಿನ ರಜೆ ಹಾಕಿ ಬಂದು ನನ್ನ ಜೊತೆ ಇರು.