ಎರಡು ವರ್ಷದ ಮಾತು

ಸಾ ಹುಯಿನ್
೧೨ ಆಗಸ್ಟ್ ೧೯೫೬, ಭಾನುವಾರ

ಥೋವಾಳ ಅಪ್ಪನಿಗೆ,

ಹೇಗಿದ್ದೀರಿ? ಉತ್ತರದ ಹವೆ ನಿಮ್ಮ ಎದೆಗೆ ಆಗಿಬರುವುದಿಲ್ಲ ಅಂತ ಅತ್ತೆ ದಿನಾ ಅನ್ನುತ್ತಾರೆ. ಈಗ ಅಲ್ಲೂ ಬೇಸಿಗೆಯೇ ಇರಬೇಕು ಅಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. "ನಿದ್ದೇಲಿ ಹೊದಿಕೆ ಒದ್ದುಬಿಡ್ತಾನೆ, ಅಲ್ಲಿ ಹೊದಿಸೋರು ಯಾರು?" ಅಂತ ನನ್ನನ್ನೇ ಗದರಿಸುತ್ತಾರೆ, ಹಡಗು ಹತ್ತಿಸಿದವಳು ನಾನೇ ಅನ್ನುವ ಹಾಗೆ. ನಾವು ಮೂವರೂ ಆರೋಗ್ಯವಾಗಿದ್ದೇವೆ. ಥೋವಾಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನೀವು ಫೆಬ್ರವರಿಯಲ್ಲಿ ಬರೆದ ಪೋಸ್ಟ್ ಕಾರ್ಡ್ ಮೇ ತಿಂಗಳಲ್ಲಿ ಕೈಸೇರಿತು. ಮೂರೇ ಸಾಲು, ಅದರಲ್ಲಿ ಎರಡು ಸಾಲು ಕ್ಷೇಮ. ನಿಮ್ಮ ತಪ್ಪಲ್ಲ, ನಾಲ್ಕು ಜನ ಓದಿ ಕಳಿಸುವ ಕಾರ್ಡಿನಲ್ಲಿ ಇನ್ನೇನು ಬರೆಯಲಾದೀತು? ಈ ಕಾಗದ ಹಾಗಲ್ಲ. ನಿಮ್ಮ ಸೋದರಮಾವ ಗಡಿಯಾಚೆಯ ಫ್ನೋಮ್ ಪೆನ್‌ಗೆ ಹೊರಟಿದ್ದಾರೆ, ಅಂಗಿಯ ಒಳಗೆ ಹೊಲಿಸಿಕೊಂಡು ಹೋಗಿ ಅಲ್ಲಿಂದ ಅಂಚೆಗೆ ಹಾಕುತ್ತಾರಂತೆ. ಅದಕ್ಕೇ ಬಾಯಿಬಿಟ್ಟು ಬರೆಯುತ್ತಿದ್ದೇನೆ.

ಈ ವರ್ಷ ಬಿಸಿಲು ಚೆನ್ನಾಗಿ ಕಾದು ಉಪ್ಪು ಬೆಳ್ಳಗೆ ಬಂದಿದೆ. ನೀವಿಲ್ಲದೆ ಉಪ್ಪಿನ ಗದ್ದೆಗೆ ದಂಡೆ ಕಟ್ಟುವುದು ಕಷ್ಟವಾಯಿತು. ಪಕ್ಕದ ಲೂ ಬಂದು ಕೈಜೋಡಿಸಿದಳು, ಅವಳದ್ದಕ್ಕೆ ನಾನು ಹೋದೆ. ಅವಳ ಗಂಡನೂ ನಿಮ್ಮ ಹಡಗಿನಲ್ಲೇ ಹೋದವನಲ್ಲವೆ? ಚುನಾವಣೆ ಆಗಬೇಕಿದ್ದ ಜುಲೈ ಇಪ್ಪತ್ತನೇ ತಾರೀಕು ನಾವಿಬ್ಬರೂ ಸಂಜೆಯವರೆಗೆ ಉಪ್ಪು ಬಾಚಿದೆವು. ದೇಶ ಎರಡು ಪಾಲಾಗಿ, ಫ್ರೆಂಚರ ಮೇಲೆ ಹೋರಾಡಿದವರೆಲ್ಲ ಉತ್ತರಕ್ಕೆ ಹೊರಟ ದಿನ ಕ್ವಿ ನ್ಯೋನ್ ಬಂದರಿನಲ್ಲಿ ನೀವೆಲ್ಲ ಹಡಗಿನ ಕಟಕಟೆ ಹಿಡಿದು ನಿಂತು ಎರಡೆರಡು ಬೆರಳು ಎತ್ತಿ ತೋರಿಸಿದ್ದಿರಿ: ಎರಡು ವರ್ಷ, ಚುನಾವಣೆ, ದೇಶ ಒಂದಾಗುತ್ತದೆ, ಬಂದುಬಿಡುತ್ತೇವೆ. ಆ ದಿನ ಬಂತು, ಹೋಯಿತು. ಚುನಾವಣೆಯ ಸುದ್ದಿ ಎತ್ತಿದವರನ್ನು ಠಾಣೆಗೆ ಕರೆಯುತ್ತಾರೆ ಅಂತ ಗೊತ್ತಾಗಿ ಊರಿನಲ್ಲಿ ಯಾರೂ ಆ ಮಾತನ್ನೇ ಆಡಲಿಲ್ಲ.

ಗುಡ್ಡದ ಮೇಲಿನ ಫ್ರೆಂಚರ ಕೋಟೆಗೆ ಮತ್ತೆ ಸುಣ್ಣ ಬಳಿದಿದ್ದಾರೆ. ಒಳಗಿರುವವರು ನಮ್ಮವರೇ, ಸೈಗಾನ್ ಸರ್ಕಾರದ ಹುಡುಗರು. ಹಾಕಿಕೊಂಡ ಬೂಟು, ಹಿಡಿದ ಬಂದೂಕು ಅಮೆರಿಕದ್ದು. ಐವತ್ಮೂರರಲ್ಲಿ ನೀವು ಕಾಡಿನಿಂದ ಬಂದಾಗ ಗುಂಡಿನ ಖಾಲಿ ಡಬ್ಬವೊಂದನ್ನು ತಂದು ನನ್ನ ಮುಂದಿಟ್ಟಿದ್ದು ನೆನಪಿದೆಯೆ? "ಹೊಡೆಯೋನು ಫ್ರೆಂಚ್‌ನವನು, ಅಕ್ಷರ ನೋಡು, ಕೊಡೋನು ಬೇರೆ" ಅಂದಿದ್ದಿರಿ. ಆಗ ನನಗೆ ಆ ಡಬ್ಬದಲ್ಲಿ ಅಕ್ಕಿ ಎಷ್ಟು ಹಿಡಿಯುತ್ತದೆ ಅನ್ನುವುದೇ ಯೋಚನೆ. ಹೊಡೆಯುವವನು ಸೋತು ಹಡಗು ಹತ್ತಿ ಹೋದ. ಈಗ ಕೊಡುವವನೇ ಬಂದಿದ್ದಾನೆ. ಅತ್ತೆ ಅಂದದ್ದು ಇಷ್ಟೆ: "ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಂತೆ."

ಆ ಕೊಡುವವರ ಪೈಕಿ ಒಬ್ಬ ಜುಲೈ ಕೊನೆಯಲ್ಲಿ ನಮ್ಮ ಗದ್ದೆಗೇ ಬಂದ. ಸೈನ್ಯಕ್ಕೆ ಸಲಹೆಗಾರನಂತೆ. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ, ನಿಮಗಿಂತ ಒಂದು ಮೊಳ ಎತ್ತರ, ಮೂಗಿನ ಚರ್ಮ ಬಿಸಿಲಿಗೆ ಸುಲಿದು ಕೆಂಪಾಗಿತ್ತು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಹುಡುಗ. ದಂಡೆಯ ಮೇಲೆ ಬೂಟು ಕಳಚಿಟ್ಟು ಇಳಿದ. ಉಪ್ಪು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡು ನಕ್ಕ. ಜೊತೆಗೊಬ್ಬ ದುಭಾಷಿ ಇದ್ದ. ಅವರಿಬ್ಬರ ನಡುವೆ ಫ್ರೆಂಚ್ ಮಾತು. ಮದುವೆಗೆ ಮುಂಚೆ ನಾನು ಉಪ್ಪಿನ ಕಚೇರಿಯ ಫ್ರೆಂಚ್ ಸಾಹೇಬನ ಅಡುಗೆಮನೆಯಲ್ಲಿ ಐದು ವರ್ಷ ದುಡಿದವಳು ಅನ್ನುವುದು ಅವರಿಗೇನು ಗೊತ್ತು! ಈ ಅಜ್ಜಿಗೆ ಏನು ಬೇಕು ಕೇಳು, ಅಂದ ಆ ಹುಡುಗ.

ಬಗ್ಗಿ ಉಪ್ಪು ಬಾಚುತ್ತಿದ್ದ ಅತ್ತೆ ಸೊಂಟ ನೇರ ಮಾಡಿದರು. ಅವರ ಅಪ್ಪನ ಕಥೆ ನಿಮಗೆ ಗೊತ್ತೇ ಇದೆ. ತಾನೇ ಬೆಳೆದ ಉಪ್ಪಿನಲ್ಲಿ ಒಂದು ಬುಟ್ಟಿ ಮನೆಗೆ ತಂದದ್ದಕ್ಕೆ ಫ್ರೆಂಚರ ಕಚೇರಿಯ ಮುಂದೆ ಬೆತ್ತದ ಏಟು. ಆಮೇಲೆ ಜನರೆಲ್ಲ ಜುಟ್ಟು ಕತ್ತರಿಸಿಕೊಂಡು, ತೆರಿಗೆ ಇಳಿಸಿ ಅಂತ ಬರಿಗೈಯಲ್ಲಿ ಪಟ್ಟಣಕ್ಕೆ ನಡೆದ ವರ್ಷ, ಅವರೂ ನಡೆದರು. ತಿರುಗಿ ಬರಲಿಲ್ಲ. ಅತ್ತೆಗೆ ಆಗ ಹತ್ತು ವರ್ಷ. ನಮ್ಮ ಮನೆಯ ಮಟ್ಟಿಗೆ ಸ್ವಾತಂತ್ರ್ಯದ ಜಗಳ ಶುರುವಾದದ್ದು ಆ ಬುಟ್ಟಿಯಿಂದ, ಯಾವ ಪಕ್ಷದ ಪುಸ್ತಕದಿಂದಲೂ ಅಲ್ಲ. ಆ ಅತ್ತೆ ಆ ಹುಡುಗನ ಮುಖ ನೋಡಿ ಅಂದರು: "ನಂಗೇನು ಬೇಕಂತಾ? ಇವನ ಮನೆ ಸಮುದ್ರದ ಆಚೆ ಐತಲ್ವಾ? ಮನೆಗೆ ಹೋಗಪ್ಪಾ, ನಿಮ್ಮವ್ವ ಕಾಯ್ತಿರ್ತಾಳೆ ಅನ್ನು. ನನ್ನ ಮಗನ್ನ ಮನೆಗೆ ಬಿಡಿ ಅನ್ನು. ಓಟು ಹಾಕಿಸ್ತೀವಿ ಅಂದಿದ್ರಲ್ಲ, ಹಾಕಿಸಿ ಅನ್ನು. ಉಪ್ಪು ಬೇಕಾದ್ರೆ ಒಂದು ಬುಟ್ಟಿ ತಗೊಂಡೋಗ್ಲಿ, ನಾನೇನು ಹೊಡೆಯಾಕಿಲ್ಲ."

ದುಭಾಷಿ ಬೆವರು ಒರೆಸಿಕೊಂಡ. ಆಮೇಲೆ ಫ್ರೆಂಚಿನಲ್ಲಿ ಹೇಳಿದ: ಕಮ್ಯುನಿಸ್ಟರಿಂದ ಕಾಪಾಡಿದ್ದಕ್ಕೆ ಅಜ್ಜಿ ಕೃತಜ್ಞಳಂತೆ, ಸೈನಿಕರು ಇಲ್ಲೇ ಇರಬೇಕಂತೆ, ಕಣ್ಣಿಗೆ ಔಷಧಿ ಬೇಕಂತೆ. ಆ ಹುಡುಗ ಪುಸ್ತಕ ತೆಗೆದು ಒಂದೊಂದು ಮಾತನ್ನೂ ಬರೆದುಕೊಂಡ. ಅತ್ತೆಗೆ ತಲೆಬಾಗಿ ವಂದಿಸಿ ಹೋದ. ನಾನು ಬಾಯಿ ತೆರೆಯಬೇಕಿತ್ತು. ಎರಡು ಫ್ರೆಂಚ್ ಮಾತು ಸಾಕಿತ್ತು. ಹಿಂದೆ ಕೋಟೆಯ ಇಬ್ಬರು ಸೈನಿಕರು ನಿಂತಿದ್ದರು, ಥೋವಾ ನನ್ನ ಅಂಗಿಯ ಅಂಚು ಹಿಡಿದಿದ್ದಳು. ಆವತ್ತಿನಿಂದ ಅದೇ ಯೋಚನೆ. ಆ ಪುಸ್ತಕ ಎಲ್ಲಿಗೆ ಹೋಯಿತು? ಅದನ್ನು ಓದಿದ ಅವನ ದೊಡ್ಡವರು, ಅಲ್ಲಿನ ಮುದುಕಿಯರೇ ನಮ್ಮನ್ನು ಕರೆಯುತ್ತಿದ್ದಾರೆ ಅಂತ ನಂಬಿ ಇನ್ನೆಷ್ಟು ಹುಡುಗರನ್ನು ಕಳಿಸುತ್ತಾರೆ? ಕಣ್ಣಿನ ಔಷಧಿ ಮಾತ್ರ ನಾಲ್ಕನೇ ದಿನಕ್ಕೆ ಬಂತು. ಅತ್ತೆ ಅದನ್ನು ಕೈಯಲ್ಲೂ ಮುಟ್ಟಿಲ್ಲ.

ಇನ್ನು ಕೆಟ್ಟ ಸುದ್ದಿ. ಕಳೆದ ಬುಧವಾರ ಉತ್ತರಕ್ಕೆ ಹೋದವರ ಹೆಂಡಂದಿರನ್ನೆಲ್ಲ ಊರ ಚಾವಡಿಗೆ ಕರೆಸಿದರು. ಕೋಟೆಯ ಅಧಿಕಾರಿ ಅಚ್ಚು ಹಾಕಿಸಿದ ಕಾಗದ ಹಂಚಿದ. ನನ್ನ ಗಂಡ ದೇಶದ್ರೋಹಿ, ಅವನಿಗೂ ನನಗೂ ಸಂಬಂಧ ಕಡಿದಿದೆ ಅಂತ ಸಹಿ ಹಾಕಬೇಕು. ಸಹಿ ಹಾಕಿದರಷ್ಟೇ ಸಾಲದು. "ಕೋಟೇಲಿ ಮದುವೆಯಾಗದ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಹೊಸ ಸಂಸಾರ ಹೂಡಿದೋಳ ಮೇಲೆ ನಮಗೆ ಅನುಮಾನ ಇರೋದಿಲ್ಲ" ಅಂದ, ನಗುತ್ತಾ. ಲೂ ಎದ್ದುನಿಂತು ಕಾಗದವನ್ನು ಎರಡು ಮಡಿಕೆ ಮಾಡಿ ಅವನ ಮೇಜಿನ ಮೇಲೆ ವಾಪಸ್ ಇಟ್ಟಳು. "ನನ್ನ ಗಂಡನ ಮೇಲೆ ನಂಗೇ ದೂರಿಲ್ಲ, ನಿಮಗೇನು?" ಅಂದಳು. ಅವಳನ್ನು ಅಲ್ಲಿಂದಲೇ ಲಾರಿಗೆ ಹತ್ತಿಸಿದರು. ಇವತ್ತಿನವರೆಗೆ ಸುಳಿವಿಲ್ಲ. ಅವಳ ಗದ್ದೆಯ ಉಪ್ಪನ್ನು ನಾನೇ ಬಾಚಿ ಗುಡ್ಡೆ ಹಾಕಿ ತೆಂಗಿನ ಗರಿ ಹೊದಿಸಿದ್ದೇನೆ. ಉಳಿದವರಿಗೆ ಮಂಗಳವಾರದವರೆಗೆ ಗಡುವು. ಕಾಗದ ನನ್ನ ಮುಂದೆಯೇ ಇದೆ. ಸಹಿ ಹಾಕಿದರೆ ನಿಮ್ಮ ಮುಖ ಹೇಗೆ ನೋಡಲಿ, ಹಾಕದಿದ್ದರೆ ಥೋವಾಳನ್ನು ಯಾರ ಮಡಿಲಿಗೆ ಹಾಕಲಿ? ಅತ್ತೆ ಎರಡು ದಿನದಿಂದ ಹಿರಿಯರ ಪೀಠದ ಮುಂದೆ ಕೂತಿದ್ದಾರೆ.

ನೀವು ಚಿಂತೆ ಮಾಡಿ ಆರೋಗ್ಯ ಕೆಡಿಸಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದ ನಿಮ್ಮ ತಲೆ ಕಾಯಲಿ. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ.

ನಿಮ್ಮವಳೇ ಆದ
ಸುವಾಂಗ್

ಇದು ಬರೆಯಲು ಮರೆತದ್ದಲ್ಲ, ಈಗ ಆದದ್ದು. ಮಂಗಳವಾರ ಮಧ್ಯಾಹ್ನ. ನಿಮ್ಮ ಸೋದರಮಾವ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಬೆಳಿಗ್ಗೆ ನಾನು ಎದ್ದಾಗ ಅತ್ತೆ ಬಿಳಿ ಬಟ್ಟೆ ಹರಿಯುತ್ತಿದ್ದರು. ನನ್ನ ತಲೆಗೊಂದು, ಥೋವಾಳ ತಲೆಗೊಂದು ಸೂತಕದ ಪಟ್ಟಿ ಕಟ್ಟಿ, ಇಬ್ಬರ ಕೈಹಿಡಿದು ಕೋಟೆಗೆ ನಡೆಸಿದರು. "ನನ್ನ ಮಗ ಉತ್ತರದಲ್ಲಿ ಜ್ವರ ಬಂದು ಸತ್ತೋದ. ಮೀನಿನ ದೋಣಿಯೋರು ಸುದ್ದಿ ತಂದ್ರು. ಸತ್ತೋನ್ನ ಬಿಡೋಕೆ ಕಾಗದ ಯಾಕೆ? ಇವಳು ಮೂರು ವರ್ಷ ಸೂತಕದೋಳು, ಮದುವೆ ಮಾತು ಎತ್ತಿದೋರಿಗೆ ನಿಮ್ಮ ಹಿರೀಕರು ಒಳ್ಳೇದು ಮಾಡಲ್ಲ" ಅಂತ ಕೋಟೆಗೆಲ್ಲ ಕೇಳುವ ಹಾಗೆ ಎದೆ ಬಡಿದುಕೊಂಡು ಅತ್ತರು. ಆ ಅಳು ಸುಳ್ಳಲ್ಲ. ಅಧಿಕಾರಿ ತಲೆ ತಗ್ಗಿಸಿ ನಿಮ್ಮ ಹೆಸರಿನ ಮುಂದೆ ಮೃತ ಅಂತ ಬರೆದುಕೊಂಡ. ನಾನು ಸಹಿ ಹಾಕಲಿಲ್ಲ. ಅದಕ್ಕೇ ಹೇಳುವುದು, ಇನ್ನು ಮುಂದೆ ಕಾರ್ಡು ಬರೆಯಬೇಡಿ, ಒಂದೇ ಒಂದು ಸಾಲು ಕೂಡ. ಸತ್ತವನ ಕಾರ್ಡು ಬಂದರೆ ನಾವು ಮೂವರೂ ಉಳಿಯುವುದಿಲ್ಲ. ಇದೇ ನನ್ನ ಕೊನೆಯ ಕಾಗದ. ನಿಮ್ಮ ಫೋಟೊ ಈಗ ಹಿರಿಯರ ಪೀಠದ ಮೇಲಿದೆ. ಏಳನೆಯ ದಿನದ ಎಡೆಗೆ ಊರವರೆಲ್ಲ ಬರುತ್ತಾರೆ, ಅಡುಗೆ ಏನು ಮಾಡಲಿ ಅಂತ ಕೇಳಿದೆ. ಅತ್ತೆ ಅಂದರು: "ಅವನಿಗೆ ಇಷ್ಟವಾದ್ದು ಒಂದೂ ಮಾಡಬೇಡ. ಅದು ಅವನು ಬಂದ್ಮೇಲೆ."