ಎಡಕ್ಕೆ ಹೊರಳದ ಅಳಿಯ

೯ ಸೆಪ್ಟೆಂಬರ್ ೧೯೭೪, ಸೋಮವಾರ. ಸಂಶಿ.

ಇವತ್ತೂ ಸೈಕಲ್ ಒರೆಸಿದೆ. ಗಾಲಿಯ ಒಂದೊಂದು ಕಡ್ಡಿಯನ್ನೂ. ಗಂಟೆಗೆ ಕೊಬ್ಬರಿ ಎಣ್ಣೆ. ಆಮೇಲೆ ಎಂದಿನಂತೆ ಹ್ಯಾಂಡಲ್ ಹಿಡಿದು ಶಾಲೆಯ ತನಕ ನಡೆಸಿಕೊಂಡು ಹೋದೆ. ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು.

"ಏನ್ರಿ ದಿನಕರ ಮಾಸ್ತರ, ಇವತ್ತೂ ಪಂಚರ್ರೇನು?"

"ಹೌದ್ರಿ."

ಮದುವೆಯಾದಾಗಿನಿಂದ ಪಂಚರ್. ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂದು ಇಲ್ಲಿ ಮಾತ್ರ ಬರೆಯಬಹುದು. ಎಲ್ಲ ಅವ್ವನ ಕೃಪೆ. ನಾನು ಸಣ್ಣವನಿದ್ದಾಗ ಯಾರೋ ಜ್ಯೋತಿಷಿ 'ಎರಡು ಗಾಲಿಯಿಂದ ಗಂಡಾಂತರ' ಎಂದನಂತೆ. ಸೈಕಲ್ ಬಿಡಿ, ಚಕ್ಕಡಿಯನ್ನೂ ಹತ್ತಗೊಡಲಿಲ್ಲ. ಬಸ್ಸು ನಡೆಯುತ್ತದೆ, ಅದಕ್ಕೆ ಆರು ಗಾಲಿ!

ಮದುವೆಯಲ್ಲಿ ಮಾವನವರು, ಕಲಘಟಗಿಯ ಕೃಷ್ಣಾಜಿಪಂತರು, ಸೈಕಲ್ಲಿಗೆ ಹಾರ ಹಾಕಿ ಮಂಟಪಕ್ಕೇ ತಂದರು. ಅವರ ಮನೆಯಲ್ಲಿ ಅಳಿಯಂದಿರಿಗೆಲ್ಲ ಸೈಕಲ್ಲೇ. ಮಂದಿ ಚಪ್ಪಾಳೆ ಹೊಡೆದರು. ಆಗ ಏನು ಹೇಳುವುದು? ನಕ್ಕೆ.

ವತ್ಸಲಾ ದಿನಾ ಹೊಸ್ತಿಲಲ್ಲಿ ನಿಂತು ನಾನು ಹೋಗುವುದನ್ನು ನೋಡುತ್ತಾಳೆ. ಅವಳಿಗಾಗಿ ಮೂಲೆಯ ತನಕ ಒಂದು ಪೆಡಲ್ ಮೇಲೆ ಕಾಲಿಟ್ಟು ಕುಂಟುತ್ತ ಹೋಗುತ್ತೇನೆ. ಮೂಲೆ ದಾಟಿದ ಮೇಲೆ ನಡಿಗೆ.

೧೭ ಸೆಪ್ಟೆಂಬರ್, ಮಂಗಳವಾರ

ಸತ್ತೆ.

ಮಾವನವರ ಕಾರ್ಡು ಬಂತು. ಮೊದಲ ದೀಪಾವಳಿ, ಕಲಘಟಗಿಗೆ ಬರಬೇಕು. ಸರಿ. ಪಾಡ್ಯದ ದಿನ 'ನಮ್ಮ ಮನೆಯ ಪದ್ಧತಿಯಂತೆ' ಅಳಿಯಂದಿರೆಲ್ಲ ಮಾವನ ಜೊತೆ ಸೈಕಲ್ ಮೇಲೆ ಅಡವಿ ಹಾದಿಯಿಂದ ತಂಬೂರಿನ ಬಸವಣ್ಣನ ಗುಡಿಗೆ ಹೋಗಿ ಬರುವುದು. 'ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಪ್ಪದೆ ತರತಕ್ಕದ್ದು.'

ವತ್ಸಲಾಗೆ ಹಿಡಿಸಲಾರದ ಖುಷಿ. ತನ್ನ ಅಪ್ಪನ ಸೈಕಲ್ ಕಥೆ ಹೇಳಿದಳು. ಜೊತೆಗೆ ತನ್ನ ನಡುವಿನ ಅಕ್ಕನ ಗಂಡನ ಕಥೆಯನ್ನೂ. ಆತ ಮೊದಲ ದೀಪಾವಳಿಗೆ ಸೈಕಲ್ ಸಮೇತ ಕೆರೆಗೆ ಬಿದ್ದ. ಆರು ವರ್ಷವಾಯಿತು, ಇವತ್ತಿಗೂ ಕಲಘಟಗಿಯಲ್ಲಿ ಆತ 'ಕೆರಿ ಅಳಿಯ'. ನಿಜವಾದ ಹೆಸರಿನಿಂದ ಅತ್ತೆಯವರೂ ಕರೆಯುವುದಿಲ್ಲ. ಹೆಸರಿಟ್ಟವನು ದೊಡ್ಡ ಷಡ್ಡಕ, ಹಿರಿಯಕ್ಕನ ಗಂಡ ಪ್ರಭಂಜನ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ನೌಕರಿ, ಬಾಯಿ ಮಾತ್ರ ಕತ್ತರಿ.

ಕೆರೆಗೆ ಬಿದ್ದವನು ಕೆರಿ ಅಳಿಯ. ಹತ್ತಲೇ ಬಾರದವನಿಗೆ ಏನು ಹೆಸರಿಟ್ಟಾರು? ಸಾಯುವ ತನಕ ಅದೇ ಹೆಸರು. ವತ್ಸಲಾಳ ಮುಖ ಹೇಗೆ ನೋಡಲಿ?

೨೨ ಸೆಪ್ಟೆಂಬರ್, ರವಿವಾರ

ಸ್ಟೇಷನ್ ಬಾಜೂಕಿನ ಸೈಕಲ್ ಅಂಗಡಿಯ ಇಮಾಮಹುಸೇನನ ಕಾಲಿಗೆ ಬಿದ್ದಷ್ಟಾಯಿತು. ಗುಟ್ಟು ಕಾಯುತ್ತೇನೆ ಎಂದ. ಗೂಡ್ಸ್ ಶೆಡ್ಡಿನ ಹಿಂದಿನ ಬಯಲಿನಲ್ಲಿ ಪಾಠ. ರಾತ್ರಿ ಮಳೆಯಾಗಿತ್ತು. ಎರೆ ಮಣ್ಣು. ನಾಲ್ಕು ಮಾರು ಹೋಗುವುದರಲ್ಲಿ ಮಡಗಾರ್ಡಿನಲ್ಲಿ ಅರ್ಧ ಎಕರೆ ಹೊಲ.

"ಮಾಸ್ತರ, ಮುಂದ ನೋಡ್ರಿ! ಗಾಲಿ ಯಾಕ ನೋಡ್ತೀರಿ? ಅದೇನ್ ಓಡಿ ಹೊಕ್ಕೈತೇನು?"

ನನಗಂತೂ ಓಡಿ ಹೋಗುತ್ತದೆ ಅನ್ನಿಸುತ್ತದೆ. ಮೊಣಕಾಲು, ಮೊಣಕೈ, ಗದ್ದ. ಮನೆಯಲ್ಲಿ ಶಾಲೆಯ ಮೆಟ್ಟಿಲು ಜಾರಿತು ಎಂದೆ. ವತ್ಸಲಾ ಅರಿಷಿಣ ಹಚ್ಚಿದಳು. ಏನೂ ಕೇಳಲಿಲ್ಲ, ಪುಣ್ಯಾತ್ಗಿತ್ತಿ.

೬ ಅಕ್ಟೋಬರ್, ರವಿವಾರ

ಬಂತು! ಬಂತು! ಸ್ಟೇಷನ್‌ನಿಂದ ಶಾಲೆಯ ತನಕ ಯಾರೂ ಹಿಡಿಯದೆ! ಕಟ್ಟೆಯ ಬದಿಗೆ ನಿಲ್ಲಿಸಿ ಹತ್ತುತ್ತೇನೆ, ಇನ್ನೊಂದು ಕಟ್ಟೆ ಸಿಕ್ಕಾಗ ಇಳಿಯುತ್ತೇನೆ. ಗಾಳಿ ಕಿವಿಯಲ್ಲಿ ಹಾಡಿತು. ನಾನು ಈ ಸುಖ ಇಷ್ಟು ವರ್ಷ ಯಾಕೆ...

ಸಂಜೆ. ಮೇಲಿನದನ್ನು ಬರೆದು ಮತ್ತೊಂದು ಸಲ ಹೋದೆ. ಹೋಗಬಾರದಿತ್ತು. ಓಣಿಯ ತಿರುವಿನಲ್ಲಿ ಎಡಕ್ಕೆ ಹೊರಳಿದೆ. ಮೊಸರು ಮಾರುವ ಮೈಲಾರವ್ವ ಎದುರಿಗೆ. ಆಕೆ ಒಂದು ಕಡೆ, ಗಡಿಗೆ ಒಂದು ಕಡೆ, ನಾನು ಮೊಸರಿನೊಳಗೆ.

"ಏನ್ ಮಾಸ್ತರಪಾ ನೀನು! ಮೊಸರು ಬೇಕಿದ್ರ ಗಿಂಡಿ ತರಬೇಕು, ಸೈಕಲ್ ತರ್ತಾರೇನು!"

ಇಡೀ ಓಣಿ ನಕ್ಕಿತು.

೧೪ ಅಕ್ಟೋಬರ್, ಸೋಮವಾರ

ಎಡಕ್ಕೆ ಆಗುತ್ತಿಲ್ಲ. ಅವತ್ತಿನಿಂದ ಎಡಕ್ಕೆ ಅಂದರೆ ಕೈ ಕಲ್ಲು. ಮೈಲಾರವ್ವನ ಗಡಿಗೆ ಕಣ್ಣ ಮುಂದೆ ಬರುತ್ತದೆ. ಬಲಕ್ಕೆ ನೀರು ಕುಡಿದಷ್ಟು ಸಲೀಸು. ಇಮಾಮಹುಸೇನ ತಲೆ ಕೆರೆದುಕೊಂಡ. "ಬಲಕ್ಕ ಅಗದಿ ಛಲೋ ಹೊಳ್ಳತೀರಿ. ಎಡಕ್ಕ ನಿಮಗ ಏನ್ ಆಕ್ಕೈತ್ರಿ?"

ಏನಾಗುತ್ತದೆಂದು ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ.

ಶಾಲೆಗೆ ಹೋಗುವಾಗ ಬಲ, ಬಲ, ಶಾಲೆ ಬಂತು. ಬರುವಾಗ ಎಡ, ಎಡ ಆಗಬೇಕು. ಆಗುವುದಿಲ್ಲ. ಅದಕ್ಕೆ ಊರನ್ನೇ ಒಂದು ಸುತ್ತು ಹಾಕಿ ಬಲಗಡೆಯಿಂದಲೇ ಮನೆಗೆ ಬರುತ್ತೇನೆ. ಅಗಸಿ, ಕೆರೆ, ಸ್ಟೇಷನ್, ಮನೆ. ಚಹಾ ಆರಿರುತ್ತದೆ.

೨೦ ಅಕ್ಟೋಬರ್, ರವಿವಾರ

ಮಧ್ಯಾಹ್ನ ಕಲಘಟಗಿ ತಾಲೂಕಿನ ನಕಾಶೆ ಹಾಸಿಕೊಂಡು ಕೂತಿದ್ದೆ. ಕಲಘಟಗಿ, ಅಡವಿ, ತಂಬೂರು. ಬೆರಳಿನಿಂದ ಹಾದಿ ಸವರಿದೆ. ವತ್ಸಲಾ ಹೇಳಿದ ಪ್ರಕಾರ ಮಾವನವರು ಪ್ರತಿ ವರ್ಷ ಹೋಗುವ ಹಾದಿ ಎಡಕ್ಕೆ, ಎಡಕ್ಕೆ, ಮತ್ತೂ ಎಡಕ್ಕೆ. ಅದೇ ಹಾದಿಯನ್ನು ಉಲ್ಟಾ ಹೋದರೆ?

ಬಲ, ಬಲ, ಬಲ!

ಬಲಕ್ಕೆ ತಿರುಗುತ್ತ ಸುತ್ತುವುದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ? ಪ್ರದಕ್ಷಿಣೆ! ಭೂಗೋಳದ ಮಾಸ್ತರನಾಗಿದ್ದು ಇವತ್ತು ಸಾರ್ಥಕವಾಯಿತು. ಕೂಡಲೇ ಮಾವನವರಿಗೆ ಪತ್ರ ಬರೆದೆ. 'ದೇವರಿಗೆ ಹೋಗುವ ಹಾದಿ ಅಪ್ರದಕ್ಷಿಣೆಯಾಗುವುದು ಶ್ರೇಯಸ್ಕರವಲ್ಲವೆಂದು ಅಲ್ಪಮತಿಯಾದ ನನಗೆ ತೋರುತ್ತದೆ. ತಮ್ಮ ಅಪ್ಪಣೆಯಾದರೆ...' ಇತ್ಯಾದಿ. ನನ್ನ ಧೈರ್ಯಕ್ಕೆ ನಾನೇ ಬೆರಗಾದೆ.

೨೯ ಅಕ್ಟೋಬರ್, ಮಂಗಳವಾರ

ಕಾರ್ಡಲ್ಲ, ಲಕೋಟೆ. ಮಾವನವರ ಆನಂದ ಎರಡು ಹಾಳೆ ತುಂಬಿದೆ. 'ಇಂಥ ಧರ್ಮಶ್ರದ್ಧೆಯುಳ್ಳ ಅಳಿಯನನ್ನು ಕೊಟ್ಟ ಭಗವಂತನಿಗೆ...' ಇನ್ನು ಮುಂದೆ ಪ್ರತಿ ವರ್ಷ ಪ್ರದಕ್ಷಿಣೆಯೇ ಅಂತೆ. ಮುಂದಾಳು ನಾನೇ ಅಂತೆ. ಮುಂದಿನ ಯುಗಾದಿಗೆ ಇನ್ನೂ ದೊಡ್ಡದು: ಕಲಘಟಗಿಯಿಂದ ಧಾರವಾಡ, ನವಲಗುಂದ, ಅಣ್ಣಿಗೇರಿಯ ಅಮೃತೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಕುಂದಗೋಳ, ಮರಳಿ ಕಲಘಟಗಿ. ಹಳೆಯ ಊರುಗಳಿಗೆಲ್ಲ ಬಲಗಡೆಯಿಂದ ಒಂದೇ ಸುತ್ತು. ಸೈಕಲ್ ಮೇಲೆ.

ನಾನೇನು ಮಾಡಿಕೊಂಡೆ?

ಒಂದು ಮಾತು ಮಾತ್ರ ತಿಳಿಯಲಿಲ್ಲ. ಬರೇ ಹಾದಿ ಬದಲಿಸಿದ್ದಕ್ಕೆ ಇಷ್ಟು ಖುಷಿ ಯಾಕೆ?

೧೨ ನವೆಂಬರ್, ಮಂಗಳವಾರ. ಕಲಘಟಗಿ.

ಬಸ್ಸಿನ ಮೇಲೆ ಸೈಕಲ್, ಒಳಗೆ ನಾವು. ಮಾವನವರು ಸ್ಟ್ಯಾಂಡಿಗೇ ಬಂದಿದ್ದರು. ನನ್ನನ್ನು ಎಳೆದು ತಮ್ಮ ಬಲಕ್ಕೆ ಹಚ್ಚಿಕೊಂಡೇ ನಡೆದರು. "ನೀವು ಈ ಕಡೆ ಬರ್ರಿ ದಿನಕರರಾವ್, ನಿಮ್ಮ ಜೋಡಿ ಭಾಳ ಮಾತಾಡೂದದ."

ಪ್ರಭಂಜನ ಬೆಲ್‌ಬಾಟಮ್ ಪ್ಯಾಂಟು ತೊಟ್ಟು ಬಂದಿದ್ದಾನೆ, ಕಾಲಿಗೆ ಎರಡು ಲಂಗ ಕಟ್ಟಿದ ಹಾಗೆ. ಸಿಡಿಸಿಡಿ. "ಮಾವನವ್ರಿಗೆ ಹೊಸಾ ಅಳಿಯ ಸಿಕ್ಕಮ್ಯಾಗ ಭಾಳ ಜಂಬ ಬಂದದ. ಎಡಬಾಜೂಕ ನಿಂತು ನಮಸ್ಕಾರ ಅಂದ್ರ ಹೊಳ್ಳಿ ಸೈತ ನೋಡ್ಲಿಲ್ಲ."

ಕೆರಿ ಅಳಿಯ ಸಾಧು ಮನುಷ್ಯ. ನನ್ನ ಕಿವಿಯಲ್ಲಿ ಅಂದ: "ಏನರ ಮಾಡ್ರಿ, ಬೀಳಬ್ಯಾಡ್ರಿ."

೧೩ ನವೆಂಬರ್, ಬುಧವಾರ

ಎಣ್ಣೆನೀರು, ಆರತಿ, ಊಟ. ಅತ್ತೆಯವರು, ಮುಕ್ತಾಬಾಯಿ, ಮಾವನವರ ಎಡಕ್ಕೆ ಕಾಫಿ ಇಟ್ಟರು. ಮಾವನವರ ಕೈ ತಗುಲಿ ಚೆಲ್ಲಿತು. "ದಿನಾ ಒಂದು ವಾಟಗಾ ಚೆಲ್ತೀರಿ, ಲಕ್ಷ್ಯ ಎಲ್ಲೆ ಇರ್ತದ?" ಎಂದು ಬೈದರು. ಮಾವನವರು ನಕ್ಕರು.

ನಾಳೆ.

೧೪ ನವೆಂಬರ್, ಗುರುವಾರ. ಪಾಡ್ಯ. ಸಂಜೆ.

ಬದುಕಿದ್ದೇನೆ. ಕ್ರಮವಾಗಿ ಬರೆಯಬೇಕು.

ಹೆಂಗಸರು ಚಕ್ಕಡಿ ಕಟ್ಟಿಕೊಂಡು ಬುತ್ತಿಯೊಂದಿಗೆ ಮುಂಚೆಯೇ ಗುಡಿಗೆ ಹೋದರು. ನಾವು ನಾಲ್ವರು ಸೈಕಲ್ ಮೇಲೆ. ಮುಂದೆ ನಾನು, ಹಿಂದೆ ಮಾವನವರು, ಆಮೇಲೆ ಕೆರಿ ಅಳಿಯ, ಕೊನೆಗೆ ಪ್ರಭಂಜನ. ಮನೆಯ ಕಟ್ಟೆ ಹಿಡಿದು ಹತ್ತಿದೆ. ಬಲಕ್ಕೆ. ಊರು ದಾಟಿ ಮತ್ತೆ ಬಲಕ್ಕೆ. ಅಡವಿ ಬಂತು. ಸಾಗವಾನಿ ಗಿಡಗಳು, ತಂಪು, ಕೆಂಪು ಹಾದಿ, ಒಂದು ನವಿಲು ಸಹ ಅಡ್ಡ ಹಾರಿತು. ಮಾವನವರು ಹಿಂದಿನಿಂದ ಹುಡುಗರಂತೆ ಗಂಟೆ ಬಾರಿಸುತ್ತಿದ್ದರು. "ವಾ ದಿನಕರರಾವ್, ಎಂಥಾ ಛಲೋ ಹಾದಿ! ಎಲ್ಲಾ ಬಲಕ್ಕ!" ಪ್ರಭಂಜನನ ಬೆಲ್‌ಬಾಟಮ್ ಚೈನಿಗೆ ಎರಡು ಸಲ ಸಿಕ್ಕಿತು. ದೇವರು ನನ್ನ ಕಡೆ ಇದ್ದಾನೆ ಅನ್ನಿಸಿತು.

ಕೊನೆಯ ಕವಲಿನಲ್ಲಿ ಅಡವಿಯ ವಾಚಮನ್ ಕನಕಪ್ಪ ಕೋಲು ಅಡ್ಡ ಹಿಡಿದು ನಿಂತಿದ್ದ.

"ಬಲಗಡಿ ಹಾದಿ ಬಂದ್ ಐತ್ರಿ! ಮಳಿಗೆ ಮೋರಿ ಕೊಚ್ಚಿ ಹೋಗೈತಿ. ಎಡಕ್ಕ ಹೋಗ್ರಿ, ಗುಡಿ ಸಮೀಪನ ಐತಿ."

ಎಡಕ್ಕೆ! ಇಳಿಯಲು ಕಟ್ಟೆಯಿಲ್ಲ. ನಿಂತರೆ ಬೀಳುತ್ತೇನೆ. ಕವಲಿನ ನಡುವೆ ಒಂದು ದೊಡ್ಡ ಆಲದ ಮರ. ಎಡಕ್ಕೆ ಹೋಗಬೇಕಾದವನು ಬಲಕ್ಕೇ ತಿರುಗುತ್ತ ಮುಕ್ಕಾಲು ಸುತ್ತು ಹಾಕಿದರೆ ಎಡದ ಹಾದಿಗೇ ಮುಖ ಮಾಡುತ್ತಾನೆ. ಸಂಶಿಯಲ್ಲಿ ದಿನಾ ಮಾಡಿದ್ದು ಇದನ್ನೇ ಅಲ್ಲವೇ? ಬಲಕ್ಕೆ ಹೊರಳಿ ಮರ ಸುತ್ತಿದೆ. ಗಾಬರಿಯಲ್ಲಿ ಹಾದಿ ತಪ್ಪಿತು. ಮತ್ತೊಂದು ಸುತ್ತು. ಮತ್ತೆ ತಪ್ಪಿತು. ಹಿಂದೆ ಮೂವರೂ ಸುತ್ತುತ್ತಿದ್ದಾರೆ.

"ಇದೇನ್ರಿ ಹೊಸಾ ಪದ್ಧತಿ?" ಪ್ರಭಂಜನ ಚೀರಿದ.

"ಸುಮ್ನ ಸುತ್ತರಿ!" ಮಾವನವರ ಗದರಿಕೆ. "ವೃಕ್ಷಪ್ರದಕ್ಷಿಣಿ! ಮೂರು ಆಗಬೇಕು!"

ಮೂರನೆಯದಕ್ಕೆ ಹಾದಿ ಸಿಕ್ಕಿತು. ತಿರುಗಿ ನೋಡಿದರೆ ಕನಕಪ್ಪ ರುಮಾಲು ತೆಗೆದು ಮರಕ್ಕೆ ಕೈಮುಗಿಯುತ್ತಿದ್ದ.

ಗುಡಿ ಬಂತು. ಕಟ್ಟೆ ಹಿಡಿದು ಇಳಿದೆ. ಗೆದ್ದೆ! ಆಗಲೇ ಹಿಂದೆ ಧಡ್ ಎಂದಿತು. ಎಡಗಡೆಗೆ ಬಿಟ್ಟಿದ್ದ ನಮ್ಮದೇ ಚಕ್ಕಡಿಗೆ ಮಾವನವರು ನೇರವಾಗಿ ಹೋಗಿ ಗುದ್ದಿದ್ದರು. ಬುತ್ತಿಯ ಕರಚಿಕಾಯಿ ಡಬ್ಬಿ ಉರುಳಿ ಅಂಗಳದ ತುಂಬ.

"ಇಷ್ಟ್ ದೊಡ್ಡ ಚಕ್ಕಡಿ ಕಾಣ್ಲಿಲ್ಲೇನ್ರಿ?" ಪ್ರಭಂಜನ ಹೊಟ್ಟೆ ಹಿಡಿದು ನಕ್ಕ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಾವನವರೇ. "ಬ್ರೇಕ್ ಹತ್ಲಿಲ್ಲೋ ಮಾರಾಯಾ!"

ನನಗೆ ನಗು ಬರಲಿಲ್ಲ. ನಾನು ನೋಡಿದ್ದೆ. ಅವರ ಬೆರಳು ಬ್ರೇಕಿನ ಮೇಲೆ ಇರಲೇ ಇಲ್ಲ. ಗುದ್ದುವ ತನಕ ಮುಖದಲ್ಲಿ ನಗು ಹಾಗೇ ಇತ್ತು. ಎಡಗಡೆಯ ಕಾಫಿ. ಎಡಗಡೆಯ ನಮಸ್ಕಾರ. ಈಗ ಎಡಗಡೆಯ ಚಕ್ಕಡಿ.

೧೫ ನವೆಂಬರ್, ಶುಕ್ರವಾರ

ಮಧ್ಯಾಹ್ನ ಹಿತ್ತಲಲ್ಲಿ ಮಾವನವರು ಒಬ್ಬರೇ ಸೊಟ್ಟ ಹ್ಯಾಂಡಲ್ ನೆಟ್ಟಗೆ ಮಾಡುತ್ತಿದ್ದರು. ಸುಮ್ಮನೆ ಹೋಗಿ ಅವರ ಎಡಕ್ಕೆ ನಿಂತೆ. ಗೊತ್ತಾಗಲಿಲ್ಲ. ಕೆಮ್ಮಿದೆ. ಬೆಚ್ಚಿದರು.

"ಎಡಗಣ್ಣು ಎಂದಿನಿಂದ ಕಾಣೂದಿಲ್ರಿ?"

ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು.

"ಒಂದ್ ವರ್ಷಾತು. ಪರದಿ ಬಂದಂಗ ಆಗೇದ. ಯಾರಿಗೂ ಹೇಳಿಲ್ಲ. ಹೇಳಿದ್ರ ನಿಮ್ಮ ಅತ್ತಿ ಸೈಕಲ್ ಮಾರಿಬಿಡ್ತಾಳ. ಸೈಕಲ್ ಹೋದ್ರ ನಾ ಏನ್ ಕಟ್ಟಿ ಮ್ಯಾಲೆ ಕೂತು ಮಂದಿ ಎಣಸಲೇನು?" ಸೊಟ್ಟ ಹ್ಯಾಂಡಲ್ ಸವರಿದರು. "ಈ ಸಲ ಹೆಂಗ ಹೊಳ್ಳಲಿ ಅಂತ ರಾತ್ರಿ ನಿದ್ದಿ ಇದ್ದಿದ್ದಿಲ್ಲ. ಹಾದಿ ಎಲ್ಲಾ ಎಡಕ್ಕ. ಅಷ್ಟರಾಗ ನಿಮ್ಮ ಪತ್ರ ಬಂತು. ದೇವರೇ ಬರದಂಗಾತು."

ಡಾಕ್ಟರಿಗೆ ತೋರಿಸಿ ಅಂದೆ. ಹುಬ್ಬಳ್ಳಿಯಲ್ಲಿ ಪರದೆ ತೆಗೆಯುತ್ತಾರೆ ಅಂದೆ.

"ಕಣ್ಣಾಗ ಚಾಕು ಹಾಕ್ತಾರ್ರಿ! ನನಗ ಅಂಜಿಕಿ." ಆಮೇಲೆ ಇದ್ದ ಒಂದೇ ಕಣ್ಣು ನನ್ನ ಮೇಲೆ ನೆಟ್ಟರು. "ಅದಿರ್ಲಿ. ನಿಮಗ ಎಡಕ್ಕ ಹೊಳ್ಳಲಿಕ್ಕೆ ಬರೂದಿಲ್ಲಲ್ಲ?"

ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಆಲದ ಗಿಡದ ಹತ್ರ ನಿಮ್ಮ ಕಾಲು ನಡಗೂದು ನೋಡೀನಿ. ಭಕ್ತಿಗೆ ಯಾರ ಕಾಲೂ ಹಂಗ ನಡಗೂದಿಲ್ಲ."

ಇಬ್ಬರೂ ನಕ್ಕೆವು. ಕಣ್ಣಲ್ಲಿ ನೀರು ಬರುವ ತನಕ. ಕೊನೆಗೆ ಕರಾರು ಆಯಿತು. ನಾನು ಒಂದು ಸಲ ಎಡಕ್ಕೆ ಹೊರಳಬೇಕು. ಹೊರಳಿದರೆ ಅವರು ಕಣ್ಣು ತೋರಿಸಬೇಕು. ರವಿವಾರ ಮುಂಜಾನೆ, ಸಂತೆ ಬಯಲಿನಲ್ಲಿ.

೧೬ ನವೆಂಬರ್, ಶನಿವಾರ

ಷಡ್ಡಕರು ಹೋದರು. ವತ್ಸಲಾ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅಂದಳು: "ನಾಳೆ ಹೊಳ್ಳೂವಾಗ ಕೈ ನೋಡಬ್ಯಾಡ್ರಿ. ಎಲ್ಲೆ ಹೋಗಬೇಕೋ ಅಲ್ಲೆ ನೋಡ್ರಿ."

ನಿನಗೆ ಯಾರು ಹೇಳಿದರು ಎಂದೆ.

"ನಾಕು ತಿಂಗಳು ಪಂಚರ್ ಆದ ಟ್ಯೂಬಿಗೆ ಒಂದೂ ತ್ಯಾಪಿ ಇಲ್ಲ. ಶಾಲಿ ಬಿಟ್ಟ ಮ್ಯಾಲೆ ಊರು ಸುತ್ತಿ ಬರ್ತೀರಿ. ನಿನ್ನೆ ಹಿತ್ತಲದಾಗ ಆದ ಕರಾರೂ ಕೇಳೇನಿ. ನನಗೇನು ಕಣ್ಣು ಕಿವಿ ಇಲ್ಲೇನು?" ಆಮೇಲೆ ಮೆಲ್ಲಗೆ: "ಅಪ್ಪನ ಕಣ್ಣಿಂದೂ ಗೊತ್ತದ. ಅಂವ ಯಾರ ಮಾತೂ ಕೇಳೂದಿಲ್ಲ. ನಿಮ್ಮ ಮಾತು ಕೇಳ್ಯಾನು ಅಂತ ಸುಮ್ನಿದ್ದೆ."

ಇಂಥ ಹೆಂಡತಿ ಮುಂದೆ ಕುಂಟುತ್ತ ಮೂಲೆ ದಾಟಿದ್ದು ನೆನೆದು ಮುಖ ಬಿಸಿಯಾಯಿತು.

೧೭ ನವೆಂಬರ್, ರವಿವಾರ. ಮುಂಜಾನೆ.

ಬಯಲಿನ ನಡುವೆ ಮಾವನವರು ನಿಂತರು. ಅವರ ಹತ್ತಿರ ಬಂದು ಎಡಕ್ಕೆ. ಕೈ ಕಲ್ಲಾಯಿತು. ಮೈಲಾರವ್ವನ ಗಡಿಗೆ ಕಂಡಿತು. ಎಲ್ಲಿ ಹೋಗಬೇಕೋ ಅಲ್ಲಿ ನೋಡಿದೆ. ಹ್ಯಾಂಡಲ್ ಹೊರಳಿತು. ಹೊರಳಿತು! ಮಾರು ದೂರ ಹೋಗಿ ಧಡಾರನೆ ಬಿದ್ದೆ.

ಮಾವನವರು ಓಡಿ ಬಂದರು. ನಾನು ಮಣ್ಣಿನಲ್ಲೇ ಕೂತು ಹೇಳಿದೆ: "ಬಿದ್ದೆ ಖರೆ. ಆದ್ರ ಎಡಕ್ಕ ಬಿದ್ದೀನ್ರಿ."

ಸುತ್ತ ತಿರುಗಿ ನೋಡಿದರು, ತಪ್ಪಿಸಿಕೊಳ್ಳಲು ಹಾದಿ ಇದೆಯೇ ಎಂಬಂತೆ. ಆಮೇಲೆ ಉಸಿರು ಬಿಟ್ಟರು. "ಮಾತು ಅಂದ್ರ ಮಾತು. ನಾಳೆ ಮುಂಜಾನಿ ಬಸ್ಸಿಗೆ ಹೋಗೂಣು. ನೀವು ಜೋಡಿ ಬರಬೇಕು ಮತ್ತ."

೧೮ ನವೆಂಬರ್, ಸೋಮವಾರ

ಶಾಲೆಗೆ ರಜೆಯ ತಾರು ಕೊಟ್ಟೆ. ಹುಬ್ಬಳ್ಳಿ ಬಸ್ಸು ಹೊರಡುವುದರಲ್ಲಿದೆ, ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಮಾವನವರು ಕೋಟು ತೊಟ್ಟು ಕೂತಿದ್ದಾರೆ. ಎಂದೂ ನನ್ನನ್ನು ಬಲಕ್ಕೆ ಕೂಡಿಸಿಕೊಳ್ಳುವವರು, ಇವತ್ತು ತಾವೇ ಸರಿದು ಜಾಗ ಮಾಡಿ "ಈ ಬಾಜೂಕ ಬರ್ರಿ" ಎಂದರು. ಅವರ ಎಡಕ್ಕೆ ಕೂತಿದ್ದೇನೆ. ಕಿಟಕಿಯಾಚೆ ಏನೇನು ಹೋಗುತ್ತದೋ ಎಲ್ಲ ಹೇಳಬೇಕಂತೆ. ಕಂಡಕ್ಟರ್ ಗಂಟೆ ಹೊಡೆದ. ಮೊದಲು ಒಂದು ಬೇವಿನ ಗಿಡ, ಅದರ ಕೆಳಗೆ ಒಂದು ಸೈಕಲ್, ಆಮೇಲೆ...