ಏಟು ತಿಂದ ಮಡಿಲು

ಗದಗ,
ನೆರಳು ಎಣಿಕೆಯ ೮೮ನೆಯ ವರ್ಷ, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ನಮ್ಮ ಮನೆತನದ ಹಿರಿಯರಾದ ಸುವರ್ಣಮ್ಮನವರಿಗೆ, ನಿಮ್ಮಿಂದ ಆರನೆಯ ತಲೆಮಾರಿನವಳಾದ ನೀಲಾಂಬಿಕೆ ಶರಣು ಮಾಡಿ ಬರೆಯುವುದು. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು; ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಾಗದ ತಂದದ್ದನ್ನು ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ, ಅದನ್ನೂ ಸತ್ತುಹೋದವರಿಗೆ ಮಾತ್ರ ಬರೆಯಬಹುದು; ಅವರು ಬದುಕಿದ್ದ ಕಾಲಕ್ಕೆ ಹೋಗಿ ಅದು ಕೈಸೇರುತ್ತದೆ. ಹಾಗೆ ಕರೆದದ್ದಕ್ಕೆ ಬೇಸರಪಡಬೇಡಿ, ನೀವು ತುಂಬು ಬಾಳು ಬಾಳಿಯೇ ಹೋದಿರಿ.

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯ ಸಿಗ್ನಲ್ಲಿನಲ್ಲಿ ನಿಮ್ಮ ಕಾರಿಗೆ ಹಿಂದಿನಿಂದ ಒಂದು ಟೆಂಪೊ ಮೆಲ್ಲಗೆ ಗುದ್ದಿದೆ. ಬಂಪರ್ ನೆಗ್ಗಿದೆ, ಮಗು ಅಳಲೂ ಇಲ್ಲ. ಈಗ ನೀವು ಮಗುವಿನ ಸೀಟನ್ನು ಕಟ್ಟೆಯ ಮೇಲಿಟ್ಟು, ಬೆಲ್ಟು ಜಗ್ಗಿ ನೋಡುತ್ತ, ಇದನ್ನೇ ಇಟ್ಟುಕೊಳ್ಳಲೋ ಹೊಸದು ತರಲೋ ಎಂದು ಯೋಚಿಸುತ್ತಿದ್ದೀರಿ. ಮುಂದೆ ನೀವು ಏನು ಮಾಡಿದಿರೆಂಬ ಕಥೆಯನ್ನು ನಾವು ತೊಟ್ಟಿಲಲ್ಲೇ ಕೇಳಿ ಬೆಳೆದಿದ್ದೇವೆ. ಮಗುವನ್ನು ಕಾಯ್ದ ಸೀಟು ಶುಭದ್ದೆಂದು ಅರಿಸಿನ ಕುಂಕುಮ ಹಚ್ಚಿ, ಉಡಿ ತುಂಬಿ ತಂಗಿಗೆ ಕೊಟ್ಟಿರಿ. ಆ ತಂಗಿಯ ಮಗುವಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದೇ ನಮಗೆ ಶಾಪವಾಯಿತು.

ನಮ್ಮ ಕಾಲದಲ್ಲಿ ಹತ್ತು ಗಂಟೆಯ ಮೇಲೆ ಬಿಸಿಲಿಗೆ ಮೈಯೊಡ್ಡುವ ಹಾಗಿಲ್ಲ. ಊರಿಂದೂರಿಗೆ ಚಾವಣಿ ಹೊದಿಸಿದ ನೆರಳುದಾರಿಗಳಿವೆ. ಅವುಗಳಲ್ಲಿ ತೇಲುಬಂಡಿಗಳು, ಅಂದರೆ ನೆಲದಿಂದ ಗೇಣೆತ್ತರದಲ್ಲಿ ಸಾಗುವ ಗಾಡಿಗಳು, ಓಡುತ್ತವೆ. ಸಂತೆಗೂ ಶಾಲೆಗೂ ಮದುವೆಗೂ ಮಣ್ಣಿಗೂ ಅದೇ ಗತಿ. ಆರು ವರ್ಷದವರೆಗೆ ಕೂಸು ಬಂಡಿಯಲ್ಲಿ ಮಡಿಲಿನಲ್ಲೇ ಕೂರಬೇಕು; ನಿಮ್ಮ ಸೀಟಿಗೆ ನಾವಿಟ್ಟ ಹೆಸರು ಅದು. ರೊಟ್ಟಿಯ ಚೂರು, ಒಡೆದ ಹಾಲಿನ ವಾಸನೆ ಅದರ ಸಂದಿಗಳಲ್ಲಿ ನಿಮ್ಮ ಕಾಲದ ಹಾಗೆಯೇ ಉಳಿದಿರುತ್ತವೆ. ಆದರೆ ನಮ್ಮ ಮನೆತನದಲ್ಲಿ ಅಂಗಡಿಯಿಂದ ತಂದ ಮಡಿಲಿಗೆ ಮರ್ಯಾದೆ ಇಲ್ಲ. ಏಟು ತಿಂದು ಕೂಸನ್ನು ಉಳಿಸಿದ ಮಡಿಲೇ ದೊಡ್ಡದು, ಅದನ್ನು ಅಕ್ಕ ತಂಗಿಗೆ ಕೊಡಲೇಬೇಕು. ಅಪ್ಪ ನೆಟ್ಟ ಆಲದಮರವೆಂದು ನೇಣು ಹಾಕಿಕೊಳ್ಳುವವರ ಗಾದೆ ನಿಮ್ಮಲ್ಲೂ ಇತ್ತಲ್ಲ, ಆ ಜಾತಿಯವರು ನಾವು.

ಹೋದ ತಿಂಗಳು ಸಂತೆಯಿಂದ ಬರುವಾಗ ನಮ್ಮ ಬಂಡಿ ನೆರಳುದಾರಿಯ ಕಂಬಕ್ಕೆ ತಾಗಿತು. ನಾಲ್ಕು ವರ್ಷದ ನನ್ನ ಮಗಳು ಈರಮ್ಮ ಮಂಡಕ್ಕಿ ಮುಕ್ಕುವುದನ್ನೂ ನಿಲ್ಲಿಸಲಿಲ್ಲ. ಬಂಡಿ ರಿಪೇರಿಯ ಹುಸೇನಸಾಬರು ಮಡಿಲನ್ನು ಬೋರಲು ಹಾಕಿ ಸವರಿ ನೋಡಿ, ಇದರ ಬಲ ಒಂದೇ ಏಟಿಗೆ ಇದ್ದದ್ದು, ಅದು ಮುಗಿಯಿತು ಎಂದರು. “ಅಕ್ಕಾರ, ಮ್ಯಾಲ ಏನೂ ಕಾಣೂದಿಲ್ಲ. ಒಳಗ ಸೀಳಿರತೈತಿ. ಮುರದು ಒಗೀರಿ.” ನಾನು ತಲೆಯಾಡಿಸಿದೆ. ಮನೆಗೆ ಬಂದರೆ ಅವ್ವ ಆಗಲೇ ಹಿಗ್ಗಿ ಹೀರೇಕಾಯಿಯಾಗಿ ನನ್ನ ತಂಗಿ ಸಂಗಮ್ಮನಿಗೆ ಹೇಳಿಕಳಿಸಿದ್ದಳು. ಸಂಗಮ್ಮನ ಮಗಳು ಸಾವಂತ್ರಿಗೆ ಎರಡು ವರ್ಷ. ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ತುಂಬಿ, ಹಾಡು ಹೇಳಿ ಕೊಟ್ಟೆವು. ಹುಸೇನಸಾಬರ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವ್ವ ನಾಲ್ಕು ದಿನ ಮುಖ ಊದಿಸಿಕೊಳ್ಳುತ್ತಿದ್ದಳು, ಅಷ್ಟೇ.

ಹದಿನೇಳು ದಿನಕ್ಕೆ ಸಂಗಮ್ಮನ ಬಂಡಿಗೆ ಎದುರಿನಿಂದ ಇನ್ನೊಂದು ಬಂಡಿ ಬಡಿಯಿತು. ಭಾರಿ ಅಪಘಾತವೇನಲ್ಲ, ಸಂಗಮ್ಮನ ಕೈಯ ಬಳೆ ಕೂಡ ಒಡೆದಿರಲಿಲ್ಲ. ಮಡಿಲು ಬೆನ್ನಿನ ಹತ್ತಿರ ಎರಡು ಹೋಳಾಗಿತ್ತು. ಸಾವಂತ್ರಿ ಆಸ್ಪತ್ರೆ ಮುಟ್ಟಲಿಲ್ಲ. ಈ ಹಾಳೆಯನ್ನು ಅವಳಿಗೇ ಬರೆಯಬಹುದಿತ್ತು, ಆದರೆ ಅವಳಿಗೆ ಓದು ಬರುತ್ತಿರಲಿಲ್ಲ. ಅದಕ್ಕೆ ನಿಮಗೆ ಬರೆದೆ.

ಅಮ್ಮಾ, ಸೀಟಿನ ಜೊತೆ ಬಂದ ಪುಸ್ತಿಕೆ ತೆಗೆದು ಓದಿ, ತಯಾರಿಸಿದವರನ್ನು ಕೇಳಿ. ಆಮೇಲೂ ಎಳ್ಳಷ್ಟು ಸಂಶಯ ಉಳಿದರೆ ಬೆಲ್ಟು ಕತ್ತರಿಸಿ, ಯಾರ ಮನೆಗೂ ಹೋಗದ ಹಾಗೆ ಒಡೆದು ಹಾಕಿ. ಕುಂಕುಮ ಹಚ್ಚಲೇಬೇಕೆನಿಸಿದರೆ ಮಗುವಿನ ಹಣೆಗೆ ಹಚ್ಚಿ.

ಹಾಳೆ ಮುಗಿಯುತ್ತ ಬಂತು. ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಷ್ಟು ಕೆಟ್ಟವಳಲ್ಲ ನಾನು. ಅವ್ವನ ಮುನಿಸಿಗೆ ಹೆದರಿ ಸುಮ್ಮನಿದ್ದೆನೆಂಬಂತೆ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಸಂಗಮ್ಮನಿಗೆ ಉಡಿ ತುಂಬುವ ಹಿಂದಿನ ದಿನವೇ ನಾನು ಅಂಗಡಿಗೆ ಹೋಗಿ ನನ್ನ ಈರಮ್ಮನಿಗೆ ಹೊಸ ಮಡಿಲು ತಂದಿದ್ದೆ. ಹುಸೇನಸಾಬರ ಮಾತನ್ನು ನನ್ನ ಮಗಳ ಮಟ್ಟಿಗೆ ನಾನು ನಂಬಿದ್ದೆ. ಸಂಗಮ್ಮನಿಗೆ ಇದು ತಿಳಿದಿಲ್ಲ. ನಿನ್ನೆ ಸಾವಿನ ಮನೆಗೆ ಮಾತಾಡಿಸಲು ಬಂದವರ ಮುಂದೆ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: “ನಮ್ಮಕ್ಕ ಭಾಳ ದೊಡ್ಡ ಮನಸಿನಾಕಿ. ತನ್ನ ಮಗಳ ಕಡಿಂದ ತಗದು ನನ್ನ ಮಗಳಿಗೆ ಕೊಟ್ಟಿದ್ಲು.”